ಚಂದ್ರಯಾನದ ಚಿತ್ರಗಳೂ ಪೆನ್ಸಿಲಿನಲ್ಲಿ ಬರೆದ ಒಂದು ಭಿನ್ನರಾಶಿಯೂ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಯಾವ ಕಾಗದ ಕಂಡರೂ ಕಣ್ಣು ಮೊದಲು ಎರಡು ಕಡೆ ಹೋಗುತ್ತದೆ. ಒಂದು ಸೀರಿಯಲ್ ನಂಬರು, ಇನ್ನೊಂದು ಸಹಿ. ಕಾಗದದಲ್ಲಿ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು. ಕಲೆಯ ಬಗ್ಗೆ ನನ್ನ ತಿಳುವಳಿಕೆ ಅಷ್ಟಕ್ಕಷ್ಟೇ, ಓದಿದ್ದು ಬಿಕಾಂ. ಆದರೆ ‘ಲಿಮಿಟೆಡ್ ಎಡಿಷನ್’ ಚಿತ್ರಗಳ ಹುಚ್ಚು ನನಗೆ ಹಿಡಿದದ್ದು ಈ ನಂಬರು-ಸಹಿಯ ಬಾಗಿಲಿನಿಂದಲೇ. ಚಿತ್ರದ ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಿಂದ 12/35 ಅಂತ ಬರೆದಿರುತ್ತಾರಲ್ಲ, ಅದರ ಹಿಂದೆ ಎಷ್ಟೆಲ್ಲ ವ್ಯವಹಾರ ಇದೆ ಅಂತೀರಿ! ಅದರಲ್ಲೂ ಬಾಹ್ಯಾಕಾಶದ ಚಿತ್ರಗಳ ಕಥೆ ಬಲು ಸೊಗಸು. ಅಲ್ಲಿ ರಾಕೆಟ್ಟಿದೆ, ಕಲ್ಲಿದೆ, ಸ್ವಲ್ಪ ಮೋಸವೂ ಇದೆ.

ಶುರುವಾದದ್ದು 1962ರಲ್ಲಿ. ಆಗ ನಾಸಾದ ಮುಖ್ಯಸ್ಥರಾಗಿದ್ದ ಜೇಮ್ಸ್ ವೆಬ್ (ಈಗ ಆಕಾಶದಲ್ಲಿರುವ ದೊಡ್ಡ ದೂರದರ್ಶಕಕ್ಕೆ ಇವರದೇ ಹೆಸರು) ಕಲಾವಿದರಿಗೆ ನಾಸಾದ ಬಾಗಿಲು ತೆರೆಯುವ ಯೋಜನೆ ಹಾಕಿದರು. ಸ್ವತಃ ಚಿತ್ರಕಾರರಾಗಿದ್ದ ಜೇಮ್ಸ್ ಡೀನ್ ಎಂಬ ನಾಸಾ ಉದ್ಯೋಗಿ ಇದನ್ನು ನಡೆಸಿದರು, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಲೆಸ್ಟರ್ ಕುಕ್ ಕೈಜೋಡಿಸಿದರು. 1963ರ ಮೇ ತಿಂಗಳಲ್ಲಿ ಗಾರ್ಡನ್ ಕೂಪರ್ ಮರ್ಕ್ಯುರಿ ನೌಕೆಯಲ್ಲಿ ಹೊರಟಾಗ ಎಂಟು ಜನ ಕಲಾವಿದರ ಮೊದಲ ತಂಡ ಕೆಲಸಕ್ಕಿಳಿಯಿತು. ಸಂಭಾವನೆ ಎಷ್ಟು ಗೊತ್ತೆ? ತಲೆಗೆ 800 ಡಾಲರ್. ನಾರ್ಮನ್ ರಾಕ್‌ವೆಲ್ ಅವರಂಥ ಹೆಸರುವಾಸಿ ಚಿತ್ರಕಾರರು ಗಗನಯಾತ್ರಿಯ ಉಡುಪಿನ ಮಡಿಕೆ ಸರಿಯಾಗಿ ಬರಬೇಕೆಂದು ಪಟ್ಟು ಹಿಡಿದು ನಾಸಾದಿಂದ ನಿಜವಾದ ಉಡುಪನ್ನೇ ಎರವಲು ತರಿಸಿಕೊಂಡಿದ್ದರು. ಹೀಗೆ ಬರೆದ ಮೂಲ ಚಿತ್ರಗಳಲ್ಲಿ ಬಹುಪಾಲು 1970ರ ದಶಕದಲ್ಲಿ ಸ್ಮಿತ್ಸೋನಿಯನ್ನಿನ ವಾಯು-ಬಾಹ್ಯಾಕಾಶ ಮ್ಯೂಸಿಯಂ ಸೇರಿದವು. ಅವು ಮಾರಾಟಕ್ಕಿಲ್ಲ. ಹಾಗಾಗಿ ಸಂಗ್ರಹ ಮಾಡುವವನಿಗೆ ಉಳಿಯುವುದು ಅಚ್ಚಿನ ಪ್ರತಿಗಳು.

ಈ ಅಚ್ಚುಗಳ ಪೈಕಿ ರಾಜನಂಥವು ರಾಬರ್ಟ್ ರಾಷೆನ್‌ಬರ್ಗ್ ಅವರ ‘ಸ್ಟೋನ್ಡ್ ಮೂನ್’ ಸರಣಿ. ನಾಸಾ ಇವರನ್ನು 1969ರ ಜುಲೈ 16ರ ಅಪೊಲೊ 11 ಉಡ್ಡಯನ ನೋಡಲು ಆಹ್ವಾನಿಸಿತ್ತು. ಫ್ಲಾರಿಡಾದ ಆ ಜೌಗು ನೆಲ, ತಾಳೆಮರ, ಕೊಕ್ಕರೆ, ಅದರ ನಡುವೆ ಮೂವತ್ತಾರು ಮಹಡಿ ಎತ್ತರದ ಸ್ಯಾಟರ್ನ್ ರಾಕೆಟ್ಟು! ನಾಸಾದ ನಕ್ಷೆಗಳು, ಫೋಟೋಗಳು ಎಲ್ಲ ಇವರ ಕೈಗೆ ಸಿಕ್ಕವು. ಅದನ್ನೆಲ್ಲ ಹೊತ್ತುಕೊಂಡು ಲಾಸ್ ಏಂಜಲೀಸಿನ ‘ಜೆಮಿನಿ ಜಿಇಎಲ್’ ಎಂಬ ಅಚ್ಚುಕೂಟಕ್ಕೆ ಹೋಗಿ 1969-70ರಲ್ಲಿ ಮೂವತ್ತಕ್ಕೂ ಹೆಚ್ಚು ಕಲ್ಲಚ್ಚುಗಳನ್ನು ಮಾಡಿದರು. ಹೆಸರಿನಲ್ಲಿ ‘ಕಲ್ಲು’ ಬಂದದ್ದು ಹೀಗೆ. ಅಮಲೇರಿದ ಚಂದ್ರ ಅಂತಲೂ ಓದಿಕೊಳ್ಳಬಹುದು, ಶ್ಲೇಷೆ ಅವರು ಬೇಕೆಂದೇ ಮಾಡಿದ್ದು.

ಜೆಮಿನಿಯನ್ನು 1966ರಲ್ಲಿ ಕಟ್ಟಿದವರು ಮೂವರು: ಅಚ್ಚಿನ ಕುಶಲಿ ಕೆನ್ನೆತ್ ಟೈಲರ್, ಸ್ಟ್ಯಾನ್ಲಿ ಗ್ರಿನ್‌ಸ್ಟೀನ್, ಸಿಡ್ನಿ ಫೆಲ್ಸನ್. ಈ ಫೆಲ್ಸನ್ ಅಕೌಂಟೆಂಟು! ನಮ್ಮವರೊಬ್ಬರು ಅಲ್ಲಿದ್ದರಲ್ಲ ಅಂತ ನನಗೆ ಎಲ್ಲಿಲ್ಲದ ಖುಷಿ. ಸಂಸ್ಥೆಯ ಹೆಸರಿನ ‘ಜಿಇಎಲ್’ ಬಿಡಿಸಿದರೆ ‘ಗ್ರಾಫಿಕ್ ಎಡಿಷನ್ಸ್ ಲಿಮಿಟೆಡ್’. ಕಂಪನಿಯೂ ಲಿಮಿಟೆಡ್, ಪ್ರತಿಗಳೂ ಲಿಮಿಟೆಡ್.

ಕಲ್ಲಚ್ಚು ಅಂದರೆ ಬಹಳ ಸರಳವಾದ ಉಪಾಯ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೇ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಮದ್ದು ಹಚ್ಚಿ ಹದಮಾಡಿ, ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಹಾಯಿಸಿದರೆ ಶಾಯಿ ಜಿಡ್ಡಿಗೆ ಮಾತ್ರ ಹತ್ತುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಸಿದ್ಧ. 1796ರ ಸುಮಾರಿಗೆ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದದ್ದು. ರಾಷೆನ್‌ಬರ್ಗ್ ಫೋಟೋಗಳನ್ನೂ ಕಲ್ಲಿಗಿಳಿಸಿದರು. ‘ಸ್ಕೈ ಗಾರ್ಡನ್’ ಎಂಬ ಅಚ್ಚಿನಲ್ಲಿ ಸ್ಕ್ರೀನ್ ಪ್ರಿಂಟನ್ನೂ ಸೇರಿಸಿಕೊಂಡರು. ಅದರ ಅಳತೆ 89 ಇಂಚು ಉದ್ದ, 42 ಇಂಚು ಅಗಲ, ಅಂದರೆ ನಮ್ಮ ಮುಂಬೈ ಫ್ಲಾಟಿನ ಬಾಗಿಲಿಗಿಂತ ದೊಡ್ಡದು. ಕೈಯಿಂದ ಒತ್ತಿ ತೆಗೆದ ಅಷ್ಟು ದೊಡ್ಡ ಕಲ್ಲಚ್ಚು ಆ ಕಾಲಕ್ಕೆ ಅಪರೂಪ. ಬಿಳಿ ಗೆರೆಯಲ್ಲಿ ರಾಕೆಟ್ಟಿನ ಭಾಗಗಳ ಹೆಸರು ಬರೆದ ನಕ್ಷೆ, ಅದರ ಹಿಂದೆ ಬೆಂಕಿ, ತಾಳೆಮರ, ಹಕ್ಕಿ. ತೆಗೆದದ್ದು 35 ಪ್ರತಿ.

35 ಯಾಕೆ, 3,500 ಯಾಕಲ್ಲ? ನನಗೆ ನಿಜಕ್ಕೂ ಮುಖ್ಯ ಅನಿಸುವ ಪ್ರಶ್ನೆ ಇದು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಮಾಡುವ ಡ್ರೈಪಾಯಿಂಟ್ ಅಚ್ಚಿನಲ್ಲಿ ಕೆಲವೇ ಡಜನ್ ಪ್ರತಿ ಬರುವಷ್ಟರಲ್ಲಿ ಗೆರೆ ಸವೆಯುತ್ತದೆ. ಅಲ್ಲಿ ಮಿತಿ ಹಾಕುವುದು ತಾಮ್ರ. ಕಲ್ಲು ಹಾಗಲ್ಲ, ಸಾವಿರಾರು ಪ್ರತಿ ಕೊಡಬಲ್ಲದು. ಇದಕ್ಕೆ ಸಾಕ್ಷಿ ಬೇಕಿದ್ದರೆ ಅಮೆರಿಕಕ್ಕೆ ಹೋಗಬೇಕಿಲ್ಲ. ರಾಜಾ ರವಿವರ್ಮ ಅವರು 1894ರಲ್ಲಿ ಇದೇ ನಮ್ಮ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. ಮುಂದೆ ಅದು ಪುಣೆ ದಾರಿಯಲ್ಲಿ ಲೋಣಾವಳ ದಾಟಿದ ಮೇಲೆ ಸಿಗುವ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿ ನಮ್ಮಜ್ಜಿಯ ದೇವರ ಮನೆಯವರೆಗೂ ಬಂದರು. ಯಾವ ಲಕ್ಷ್ಮಿಯ ಕೆಳಗೂ 12/35 ಅಂತ ಬರೆದಿರಲಿಲ್ಲ. ಹಾಗಾಗಿ ಕಲ್ಲಚ್ಚಿನ ಮಿತಿ ಅನ್ನುವುದು ಕಲ್ಲಿನ ಗುಣವಲ್ಲ, ಕಲಾವಿದನೂ ಅಚ್ಚುಕೂಟವೂ ಕೊಟ್ಟ ಮಾತು. 19ನೇ ಶತಮಾನದ ಕೊನೆಯಲ್ಲಿ ವಿಸ್ಲರ್ ಅವರಂಥವರು ಪೆನ್ಸಿಲಿನಲ್ಲಿ ಸಹಿ ಹಾಕುವ ರೂಢಿ ತಂದರು, ಅದರ ಬೆನ್ನಿಗೆ ನಂಬರು ಬಂತು. ಎಣಿಸಿದಷ್ಟು ತೆಗೆದ ಮೇಲೆ ಕಲ್ಲನ್ನು ಉಜ್ಜಿ ಚಿತ್ರ ಅಳಿಸಿಬಿಡುತ್ತಾರೆ. ನಾವು ಚೆಕ್ ಪಾಸು ಮಾಡಿದ ಮೇಲೆ ಕ್ಯಾನ್ಸಲ್ ಮಾಡುವುದಿಲ್ಲವೇ, ಅದೇ ಕ್ರಮ.

ಆದರೂ ಒಂದು ಕಿಂಡಿ ಇದೆ. 35 ಪ್ರತಿಯ ಹೊರಗೆ ‘ಎಪಿ’ ಅಂತ ಬರೆದ ಕಲಾವಿದನ ಸ್ವಂತ ಪ್ರತಿಗಳು, ಮುದ್ರಕನ ಪ್ರತಿಗಳು ಇರುತ್ತವೆ. ನಮ್ಮ ರಿಸರ್ವ್ ಬ್ಯಾಂಕು 2006ರಿಂದ ಹಾಳಾದ ನೋಟಿನ ಬದಲಿಗೆ ನಂಬರಿನಲ್ಲಿ ನಕ್ಷತ್ರ ಇರುವ ನೋಟನ್ನು ಕಟ್ಟಿಗೆ ಸೇರಿಸುತ್ತದೆ, ನೀವು ನೋಡಿರಬಹುದು. ಅದು ಕಟ್ಟಿನ ನೂರರ ಲೆಕ್ಕ ತುಂಬಲು ಬಂದದ್ದು. ಎಪಿ ಹಾಗಲ್ಲ, ಅದು ಲೆಕ್ಕದ ಮೇಲಿನದು. ಎಷ್ಟು ಎಪಿ ಇದೆ ಅಂತ ಕೇಳದೆ ಕೊಳ್ಳುವುದು ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿ ಓದದೆ ಷೇರು ಕೊಂಡ ಹಾಗೆ. 1974ರಲ್ಲಿ ಫ್ರಾನ್ಸಿನ ಗಡಿಯಲ್ಲಿ ಕಸ್ಟಮ್ಸ್‌ನವರು ಒಂದು ಲಾರಿ ತಡೆದಾಗ ಸಾಲ್ವಡೋರ್ ಡಾಲಿ ಅವರ ಸಹಿ ಇದ್ದ ಸುಮಾರು 40,000 ಖಾಲಿ ಹಾಳೆ ಸಿಕ್ಕವು. ಸಹಿ ಮೊದಲು, ಚಿತ್ರ ಆಮೇಲೆ! ಇಂಥ ಖಾಲಿ ಚೆಕ್ಕುಗಳ ಕಾಲದಲ್ಲೇ, 1970ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಅಚ್ಚುಚಿತ್ರ ಮಾರುವವರು ಪ್ರತಿಗಳ ಲೆಕ್ಕ ಬರೆದುಕೊಡಬೇಕೆಂಬ ಕಾನೂನು ಬಂತು.

ದೊಡ್ಡದರ ಮಾತಾಯಿತು, ಇನ್ನು ಸಣ್ಣದು. ಅದೇ 1969ರಲ್ಲಿ ಫಾರೆಸ್ಟ್ ಮೈಯರ್ಸ್ ಎಂಬ ಶಿಲ್ಪಿಗೆ ಚಂದ್ರನ ಮೇಲೊಂದು ಮ್ಯೂಸಿಯಂ ಇಡುವ ಆಸೆ ಹುಟ್ಟಿತು. ಬೆಲ್ ಲ್ಯಾಬ್ಸಿನ ಎಂಜಿನಿಯರುಗಳ ನೆರವಿನಿಂದ ಮುಕ್ಕಾಲು ಇಂಚು ಉದ್ದ, ಅರ್ಧ ಇಂಚು ಅಗಲದ ಪಿಂಗಾಣಿ ಬಿಲ್ಲೆಯ ಮೇಲೆ ಆರು ಕಲಾವಿದರ ಆರು ಪುಟ್ಟ ಚಿತ್ರ ಮೂಡಿಸಿದರು. ರಾಷೆನ್‌ಬರ್ಗ್ ಎಳೆದದ್ದು ಒಂದೇ ಒಂದು ಗೆರೆ. ಓಲ್ಡನ್‌ಬರ್ಗ್ ಅವರದು ಮಿಕ್ಕಿ ಮೌಸಿನ ತಲೆ, ಆಂಡಿ ವಾರ್ಹಾಲ್ ಅವರದು ತನ್ನದೇ ಹೆಸರಿನ ಮೊದಲಕ್ಷರಗಳು (ಅದು ಬೇರೇನೋ ಥರ ಕಾಣುತ್ತದೆ, ಇಲ್ಲಿ ಬೇಡ ಬಿಡಿ). ಮಾಡಿದ್ದು ಹದಿನಾರರಿಂದ ಇಪ್ಪತ್ತು ಬಿಲ್ಲೆ. ನಾಸಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೆಗೆ ಒಬ್ಬ ತಂತ್ರಜ್ಞ ಒಂದನ್ನು ಅಪೊಲೊ 12ರ ‘ಇಂಟ್ರೆಪಿಡ್’ ನೌಕೆಯ ಕಾಲಿನಲ್ಲಿ ಗುಟ್ಟಾಗಿ ಸೇರಿಸಿದನಂತೆ, ‘ಜಾನ್ ಎಫ್’ ಎಂಬ ಹೆಸರಿನಲ್ಲಿ ಟೆಲಿಗ್ರಾಮೂ ಬಂತಂತೆ. ನೌಕೆಯ ಕಾಲು ಈಗಲೂ ಚಂದ್ರನಲ್ಲಿದೆ. ಬಿಲ್ಲೆ ಇದೆಯೋ ಇಲ್ಲವೋ, ಯಾವ ಆಡಿಟರೂ ಹೋಗಿ ನೋಡಿಲ್ಲ. ಒಂದು ಪ್ರತಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿದೆ.

ವ್ಯಾಪಾರ ಕೆಟ್ಟ ವಾಸನೆ ಹೊಡೆದದ್ದು ಅಪೊಲೊ 15ರಲ್ಲಿ. 1971ರ ಆಗಸ್ಟಿನಲ್ಲಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಎಂಟೂವರೆ ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಬೊಂಬೆಯೊಂದನ್ನು ಮಲಗಿಸಿ, ಪಕ್ಕದಲ್ಲಿ ಪ್ರಾಣ ತೆತ್ತ 14 ಅಮೆರಿಕನ್ ಮತ್ತು ಸೋವಿಯತ್ ಗಗನಯಾತ್ರಿಗಳ ಹೆಸರಿನ ಫಲಕ ಇಟ್ಟರು. ಬೊಂಬೆ ಮಾಡಿದವರು ಬೆಲ್ಜಿಯಂನ ಪಾಲ್ ವಾನ್ ಹೋಯ್ಡೊಂಕ್. ಮರುವರ್ಷ ನ್ಯೂಯಾರ್ಕಿನ ಗ್ಯಾಲರಿಯೊಂದು 950 ಸಹಿಯುಳ್ಳ ಪ್ರತಿಗಳನ್ನು ತಲಾ 750 ಡಾಲರಿಗೆ ಮಾರುತ್ತೇವೆಂದು ಜಾಹೀರಾತು ಕೊಟ್ಟಿತು. ಗುಣಿಸಿ ನೋಡಿದೆ, 7,12,500 ಡಾಲರ್. ಸತ್ತವರ ಸ್ಮಾರಕಕ್ಕೆ ಈ ಲೆಕ್ಕವೇ? ವ್ಯಾಪಾರ ಕೂಡದೆಂಬ ಒಪ್ಪಂದವಿತ್ತು ಎಂದರು ಸ್ಕಾಟ್. ಕಲಾವಿದರ ನೆನಪು ಬೇರೆಯಾಗಿತ್ತು. ನಾಸಾ ಕಣ್ಣು ಕೆಂಪಗೆ ಮಾಡಿದ ಮೇಲೆ ಮಾರಾಟ ನಿಂತಿತು.

ಅದೇ ಪಯಣದಲ್ಲಿ ಅನುಮತಿಯಿಲ್ಲದೆ 398 ಅಂಚೆ ಲಕೋಟೆಗಳೂ ಚಂದ್ರನಿಗೆ ಹೋಗಿ ಬಂದಿದ್ದವು. ನೂರು ಲಕೋಟೆ ಜರ್ಮನಿಯ ಅಂಚೆಚೀಟಿ ವ್ಯಾಪಾರಿ ಹರ್ಮನ್ ಜೀಗರ್ ಕೈಸೇರಿ, ತಲಾ 4,850 ಮಾರ್ಕಿಗೆ ಬಿಕರಿಯಾದವು. ಮೂವರು ಯಾತ್ರಿಗಳಿಗೆ ತಲಾ ಸುಮಾರು 7,000 ಡಾಲರ್ ಸಿಗಬೇಕಿತ್ತು. ಕೊನೆಗೆ ಹಣ ಬಿಟ್ಟುಕೊಟ್ಟರು, 1972ರಲ್ಲಿ ಛೀಮಾರಿಯಾಯಿತು, ಮೂವರೂ ಮತ್ತೆಂದೂ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಮುಟ್ಟುಗೋಲಾದ 298 ಲಕೋಟೆಗಳನ್ನು ಸರ್ಕಾರ 1983ರಲ್ಲಿ ಅವರಿಗೇ ವಾಪಸು ಕೊಟ್ಟಿತು. ಹಗರಣದಿಂದಾಗಿಯೇ ಅವುಗಳ ಹೆಸರು ಏರಿತು ಅನ್ನುವುದು ಸಂಗ್ರಾಹಕರ ಲೋಕದ ವಿಚಿತ್ರ.

ವಾರ್ಹಾಲ್ ಅವರ ‘ಮೂನ್‌ವಾಕ್’ (1987) ಇನ್ನೊಂದು ಬಗೆ. ಚಂದ್ರನ ಮೇಲೆ ನಿಂತ ಆಲ್ಡ್ರಿನ್, ಒಂದು ಗುಲಾಬಿ, ಒಂದು ಹಳದಿ, ತಲಾ 160 ಪ್ರತಿಯ ಸ್ಕ್ರೀನ್ ಪ್ರಿಂಟು. ಸಹಿ ಹಾಕುವ ಮುಂಚೆಯೇ ಫೆಬ್ರವರಿಯಲ್ಲಿ ವಾರ್ಹಾಲ್ ತೀರಿಕೊಂಡರು. ಹಿಂಬದಿಯಲ್ಲಿ ಅವರ ಎಸ್ಟೇಟಿನ ಕಡೆಯವರ ದೃಢೀಕರಣ ಇದೆ. ಖಾತೆದಾರ ಹೋದ ಮೇಲೆ ವಾರಸುದಾರರ ಸಹಿ ಪಡೆದು ಹಣ ಕೊಟ್ಟ ಹಾಗೆ!

ಇನ್ನು ಆಲನ್ ಬೀನ್. ಆ ಬಿಲ್ಲೆ ಇದೆಯೆನ್ನುವ ಇಂಟ್ರೆಪಿಡ್‌ನಲ್ಲೇ ಇಳಿದು ಚಂದ್ರನ ಮೇಲೆ ನಡೆದ ನಾಲ್ಕನೆಯ ಮನುಷ್ಯ. 1981ರಲ್ಲಿ ನಾಸಾ ಬಿಟ್ಟು ಪೂರ್ಣಾವಧಿ ಚಿತ್ರಕಾರರಾದರು, 2018ರಲ್ಲಿ ತೀರಿಕೊಳ್ಳುವವರೆಗೂ ಬರೆದದ್ದು ಹೆಚ್ಚಾಗಿ ಅಪೊಲೊ ಚಿತ್ರಗಳನ್ನೇ. ಚಂದ್ರನಲ್ಲಿ ಬಳಸಿದ ಸುತ್ತಿಗೆಯಿಂದ, ಬೂಟಿನ ಅಚ್ಚಿನಿಂದ ಬಣ್ಣದ ಹಾಸಿಗೆ ಮೊದಲು ಗುರುತು ಹಾಕುತ್ತಿದ್ದರು. ತನ್ನ ಉಡುಪಿನ ಲಾಂಛನಗಳಿಗೆ ಚಂದ್ರನ ಧೂಳು ಹತ್ತಿದೆ ಅಂತ ಗೊತ್ತಾದ ಮೇಲೆ ಅವನ್ನೇ ಚೂರುಚೂರಾಗಿ ಕತ್ತರಿಸಿ ಬಣ್ಣದಲ್ಲಿ ಸೇರಿಸಿದರು. ಈ ಚಿತ್ರಗಳ ಸಹಿ-ನಂಬರಿನ ಅಚ್ಚುಗಳನ್ನು ಗ್ರೀನ್‌ವಿಚ್ ವರ್ಕ್‌ಶಾಪ್ ಹೊರತಂದಿತು. ಕೆಲವು ಕಾಗದದ ಮೇಲೆ, ಕೆಲವು ಕ್ಯಾನ್ವಾಸ್ ಮೇಲೆ. ಮೂಲದಲ್ಲಿ ಧೂಳಿದೆ, ಪ್ರಿಂಟಿನಲ್ಲಿರುವುದು ಧೂಳಿನ ಚಿತ್ರ. ಮಾರುವವರು ಕಥೆ ಹೇಳುವಾಗ ಮೂಲದ್ದು ಹೇಳುತ್ತಾರೆ, ಬಿಲ್ಲು ಬರೆಯುವುದು ಪ್ರಿಂಟಿಗೆ. ಚಿತ್ರಗಳು ಚೆನ್ನಾಗಿವೆ, ನನಗೇನೂ ತಕರಾರಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಮಾತ್ರ ತಕರಾರು.

ಕ್ಯಾನ್ವಾಸ್ ಪ್ರಿಂಟು ಅಂದರೆ ಈಗ ಬಹುತೇಕ ‘ಜಿಕ್ಲೇ’. 1991ರಲ್ಲಿ ಜ್ಯಾಕ್ ಡುಗಾನ್ ಎಂಬ ಮುದ್ರಕ ಇಂಕ್‌ಜೆಟ್ ಪ್ರಿಂಟಿಗೆ ಇಟ್ಟ ಫ್ರೆಂಚ್ ಹೆಸರು. ಬಣ್ಣ ಸೊಗಸಾಗಿ ಬರುತ್ತದೆ. ಆದರೆ ಸವೆಯಲು ತಾಮ್ರವಿಲ್ಲ, ಉಜ್ಜಿ ಅಳಿಸಲು ಕಲ್ಲಿಲ್ಲ, ಇರುವುದು ಒಂದು ಫೈಲು. ಅದನ್ನು ಅಳಿಸಿದರೂ ಇನ್ನೊಂದು ಕಂಪ್ಯೂಟರಿನಲ್ಲಿ ಇಲ್ಲವೆಂದು ಹೇಳುವವರಾರು?

ನಮ್ಮ ಬ್ರಾಂಚಿಗೆ ಬರುವ ಗ್ರಾಹಕರೊಬ್ಬರು ಇಂಥದ್ದೊಂದು ಫ್ರೇಮು ತಂದು ತೋರಿಸಿ, “ಇದರ ಮೇಲೆ ಸಾಲ ಕೊಡ್ತೀರೇನ್ರೀ?” ಅಂತ ತಮಾಷೆಗೆ ಕೇಳಿದರು. ಚಿನ್ನವಾದರೆ ತೂಗಬಹುದು ಸಾರ್ ಅಂದೆ. ಆಮೇಲೆ ಕನ್ನಡಕ ಹಾಕಿಕೊಂಡು ಕೆಳಗಿನ ಅಂಚು ನೋಡಿದೆ, 212/550. ಎಪಿ ಎಷ್ಟಿದೆ, ಇದೇ ಚಿತ್ರ ಬೇರೆ ಅಳತೆಯಲ್ಲಿ ಇನ್ನೆಷ್ಟು ಬಂದಿದೆ ಅಂತ ಕೇಳಿದೆ. ಮನೆಗೆ ಹೋಗಿ ಸರ್ಟಿಫಿಕೇಟ್ ಹುಡುಕುತ್ತೇನೆ ಅಂದರು.