ಕಳೆಯುವ ಲೆಕ್ಕ: ಹಾನ್ಲೆಯ ಚಿತ್ರಗಳು, ಪವಾಯಿಯ ಮುಕ್ತ ತಂತ್ರಾಂಶ

ಮುಂಬಯಿಯ ರಾತ್ರಿಯಲ್ಲಿ ಬರಿಗಣ್ಣಿಗೆ ಸಿಗುವ ನಕ್ಷತ್ರಗಳು ಬೆರಳೆಣಿಕೆಯಷ್ಟು. ಮಳೆಗಾಲದಲ್ಲಿ ಅವೂ ಇಲ್ಲ. ಹಾಗಿದ್ದೂ ಪವಾಯಿಯ ಐಐಟಿ ಬಾಂಬೆಯಲ್ಲಿ ಸೂಪರ್‌ನೋವಾ, ನೋವಾಗಳಂಥ ಕ್ಷಣಿಕ ವಿದ್ಯಮಾನಗಳ ಅಧ್ಯಯನ ಬಿರುಸಾಗಿ ನಡೆದಿದೆ. ಅದರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಸ್ಥಾಪಿಸಿದ 0.7 ಮೀಟರ್ ವ್ಯಾಸದ ಈ ‘ಗ್ರೋತ್-ಇಂಡಿಯಾ’ ದೂರದರ್ಶಕ 2018ರಲ್ಲಿ ಕಣ್ಣು ತೆರೆಯಿತು. ಅದರ ಚಿತ್ರಗಳು ವಿಜ್ಞಾನವಾಗುವುದು ಬಹುಮಟ್ಟಿಗೆ ಮುಕ್ತ ತಂತ್ರಾಂಶಗಳ ಮೂಲಕ. ಅವುಗಳ ಬೆಲೆ ಶೂನ್ಯವೆಂಬುದು ನನಗೆ ಗೌಣ. ಅಳತೆಯೊಂದರ ಹಿಂದಿನ ತೀರ್ಮಾನಗಳನ್ನು ಬಿಚ್ಚಿ ನೋಡಬಹುದೆಂಬುದೇ ಮುಖ್ಯ.

ಮೊದಲ ಹಂತಗಳು ಎಲ್ಲ ವೀಕ್ಷಣಾಲಯಗಳಲ್ಲೂ ಒಂದೇ. ಕ್ಯಾಮೆರಾದ ಮೂಲಮಟ್ಟವನ್ನು ಕಳೆದು, ಪಿಕ್ಸೆಲ್‌ಗಳ ಸಂವೇದನೆಯ ಏರುಪೇರನ್ನು ಸರಿದೂಗಿಸುತ್ತಾರೆ. ಹಾನ್ಲೆಯಷ್ಟು ಎತ್ತರದಲ್ಲಿ ಕಾಸ್ಮಿಕ್ ಕಿರಣಗಳ ಹೊಡೆತ ಹೆಚ್ಚು. ಅವು ಬಿಟ್ಟ ಚೂಪು ಚುಕ್ಕೆಗಳನ್ನು ಗುರುತಿಸಲು ವಾನ್ ಡೊಕ್ಕಮ್ 2001ರಲ್ಲಿ ಪ್ರಕಟಿಸಿದ ವಿಧಾನವಿದೆ. ‘ಆಸ್ಟ್ರೋಮೆಟ್ರಿ.ನೆಟ್’ ನಾಲ್ಕು ನಾಲ್ಕು ನಕ್ಷತ್ರಗಳ ವಿನ್ಯಾಸವನ್ನು ಸೂಚಿಯೊಂದಿಗೆ ಹೋಲಿಸಿ, ಚಿತ್ರ ಆಕಾಶದ ಯಾವ ಭಾಗದ್ದೆಂದು ಹೇಳುತ್ತದೆ. ಬರ್ಟಿನ್ ಮತ್ತು ಆರ್ನೌ 1996ರಲ್ಲಿ ವಿವರಿಸಿದ ‘ಸೋರ್ಸ್ ಎಕ್ಸ್‌ಟ್ರಾಕ್ಟರ್’ ಕಾಯಗಳನ್ನು ಹೆಕ್ಕುತ್ತದೆ. ಅದರ ಜೊತೆಗೆ ಬರುವ ಪತ್ತೆಯ ಮಿತಿ ಹಿನ್ನೆಲೆ ಗದ್ದಲದ 1.5 ಪಟ್ಟು. ಈ ಅಂಕಿಯನ್ನು ಮುಟ್ಟದೆ ಪ್ರಬಂಧ ಮುಗಿಸುವವರು ಕಡಿಮೆಯೇನಲ್ಲ. ಮುಕ್ತ ಸಂಕೇತವಿದ್ದರೆ ಸಾಲದು, ಅದನ್ನು ಓದುವವರೂ ಬೇಕು.

ನಿರ್ಣಾಯಕವಾದದ್ದು ಕಳೆಯುವ ಹಂತ. ಗೆಲಾಕ್ಸಿಯೊಂದರ ಮೈಮೇಲೆ ಹೊಸದಾಗಿ ಮೂಡಿದ ಬೆಳಕನ್ನು ಅಳೆಯಲು ಹಳೆಯ ಚಿತ್ರವನ್ನು ಹೊಸದರಿಂದ ಕಳೆಯಬೇಕು. ಆದರೆ ಎರಡು ರಾತ್ರಿಗಳ ವಾತಾವರಣ ಒಂದೇ ಇರದು. ಒಂದರಲ್ಲಿ ನಕ್ಷತ್ರ ಮೊನಚು, ಇನ್ನೊಂದರಲ್ಲಿ ಹರಡಿದ ಮಸುಕು. ನೇರವಾಗಿ ಕಳೆದರೆ ಪ್ರತಿ ನಕ್ಷತ್ರದ ಸುತ್ತಲೂ ಸುಳ್ಳು ಉಂಗುರ ಉಳಿಯುತ್ತದೆ. ಜಾಕೈ, ಒಫೆಕ್, ಗಾಲ್-ಯಾಮ್ 2016ರಲ್ಲಿ ಮಂಡಿಸಿದ ‘ಜೋಗಿ’ ಸೂತ್ರ ಎರಡೂ ಚಿತ್ರಗಳ ಬಿಂದುಹರವನ್ನು, ಅಂದರೆ ಬಿಂದುವಿನಂಥ ನಕ್ಷತ್ರ ಚಿತ್ರದಲ್ಲಿ ಹರಡಿಕೊಳ್ಳುವ ಆಕಾರವನ್ನು, ಪರಸ್ಪರ ಹಾಯಿಸಿ, ಗದ್ದಲವನ್ನು ಲೆಕ್ಕಕ್ಕೆ ಹಿಡಿದು ವ್ಯತ್ಯಾಸ ತೆಗೆಯುತ್ತದೆ. (ಈ ಜೋಗಿಗೂ ಜೋಳಿಗೆಗೂ ಸಂಬಂಧವಿಲ್ಲ, ಕರ್ತೃಗಳ ಹೆಸರಿನ ಅಕ್ಷರಗಳಿಂದ ಬಂದದ್ದು.) ಗ್ರೋತ್-ಇಂಡಿಯಾ ತಂಡ ಬಳಸುವುದೂ ಇದನ್ನೇ, ಪೈಥಾನ್ ಭಾಷೆಯ ಚೌಕಟ್ಟಿನೊಳಗೆ.

ಸೂತ್ರದ ಮಿತಿಯೂ ಅದರ ಗಣಿತದಲ್ಲೇ ಇದೆ: ಗದ್ದಲದ ಬಹುಪಾಲು ಹಿನ್ನೆಲೆಯದೆಂದು ಅದು ಹಿಡಿಯುತ್ತದೆ. ಆಂಡ್ರೊಮಿಡಾದ ಹೊಳೆಯುವ ನಡುಭಾಗದಂಥಲ್ಲಿ ಈ ಗ್ರಹಿಕೆ ಸಡಿಲವಾಗುತ್ತದೆ. ಅಲ್ಲಿ ಯಂತ್ರ ಸೂಚಿಸಿದ್ದನ್ನು ಕಣ್ಣೇ ಪರೀಕ್ಷಿಸಬೇಕು. 2020ರ ಆಗಸ್ಟ್ 16ರಂದು ಭೂಮಿಯಿಂದ ಸುಮಾರು 2,950 ಕಿ.ಮೀ. ಎತ್ತರದಲ್ಲಿ ಹಾದುಹೋದ ಕ್ಷುದ್ರಗ್ರಹ 2020 ಕ್ಯೂಜಿ ಪತ್ತೆಯಾದದ್ದೂ ಹೀಗೆಯೇ: ಪಾಲೊಮಾರ್ ವೀಕ್ಷಣಾಲಯದ ಜ್ವಿಕಿ ಆಕಾಶ ಸಮೀಕ್ಷೆಯ ಚಿತ್ರಗಳಿಂದ ತಂತ್ರಾಂಶ ಆಯ್ದುಕೊಟ್ಟ ಗೆರೆಗಳ ನಡುವೆ ಅದನ್ನು ನಿಜವೆಂದು ಗುರುತಿಸಿದವರು ಐಐಟಿ ಬಾಂಬೆಯ ವಿದ್ಯಾರ್ಥಿಗಳು.