ಗೊಟ್ಟದ ಕಾಲ

ಅಜ್ಜನ ಕೊಟ್ಟಿಗೆಯ ಜಂತೆಗೆ ಸದಾ ದನಗಳಿಗೆ ಮದ್ದು ಕುಡಿಸುವ ಒಂದು ಬಿದಿರಿನ ಗೊಟ್ಟ ಸಿಕ್ಕಿಸಿರುತ್ತಿತ್ತು. ತುದಿಯನ್ನು ಓರೆಯಾಗಿ ಕೊಯ್ದು, ಬಾಯಿಗೆ ತರಚದಂತೆ ಅಂಚು ಹೆರೆದದ್ದು. ಪಕ್ಕದಲ್ಲೇ ಹಗ್ಗ, ಲಾಟೀನು, ಕುಡಿಕೆಯಲ್ಲಿ ಎಳ್ಳೆಣ್ಣೆ. ಪಶುವೈದ್ಯರು ದೂರದ ಪೇಟೆಯಲ್ಲಿದ್ದ ಕಾಲದಲ್ಲಿ ನಮ್ಮ ಮಲೆನಾಡಿನ ಮನೆಯ ತುರ್ತು ಸಿದ್ಧತೆ ಇಷ್ಟೇ.

ಎಳೆ ಹುಲ್ಲು ಹೆಚ್ಚಾಗಿ ಮೇಯ್ದ ಹಸುವಿನ ಎಡ ಪಕ್ಕೆ ಉಬ್ಬಿದರೆ ಕಾಯಲು ಸಮಯವಿರುವುದಿಲ್ಲ. ಆಗ ಗೊಟ್ಟದಲ್ಲಿ ಎಣ್ಣೆ ಹಾಕುತ್ತಿದ್ದರು. ಎಣ್ಣೆ ಹೊಟ್ಟೆಯೊಳಗಿನ ನೊರೆಯನ್ನು ಒಡೆಯುತ್ತದೆ. ಆ ತಿಳಿವಳಿಕೆ ಸರಿಯಾದದ್ದೇ. ಆದರೆ ನಾಲಿಗೆ ಎಳೆದು ಹಿಡಿದು ಅವಸರದಲ್ಲಿ ಸುರಿದರೆ ಎಣ್ಣೆ ಶ್ವಾಸಕೋಶಕ್ಕೂ ಇಳಿಯುತ್ತದೆ. ಉಬ್ಬರದಿಂದ ಪಾರಾದ ದನ ಆಮೇಲೆ ಕೆಮ್ಮಿ ಕೆಮ್ಮಿ ಸಾಯುವುದಿತ್ತು.

ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಮುಂದೆ ಗೊಟ್ಟ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಅಲ್ಲಿ ನೆರವಾದದ್ದು ಹೆಬ್ಬಾಳದಲ್ಲಿ 1925ರಲ್ಲಿ ಆರಂಭವಾದ ಸೀರಂ ಸಂಸ್ಥೆಯಂಥವು, ಊರೂರಿಗೆ ಬಂದ ಲಸಿಕೆಯವರು. 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಊರ ಹಬ್ಬದಂತೆ ಅದನ್ನು ಆಚರಿಸಬೇಕಿತ್ತು ಎಂದೇ ನನ್ನ ಭಾವನೆ.

ಈಗ 1962ಕ್ಕೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಮನೆಯಲ್ಲೊಂದು ನೋಟ್‌ಬುಕ್ ಇಟ್ಟಿದ್ದೇನೆ: ಹಸು ಏನು ತಿಂದಿತು, ಮೆಲುಕು ಯಾವಾಗ ನಿಂತಿತು, ಸಗಣಿ ಹಾಕಿತೇ, ಗಬ್ಬ ಎಷ್ಟು ತಿಂಗಳು, ಯಾವ ಲಸಿಕೆ ಆಗಿದೆ. ವೈದ್ಯರು ಕೇಳುವುದು ಇವನ್ನೇ. ಹೊಟ್ಟೆ ಉಬ್ಬಿದ್ದರೆ ಅವರು ಬರುವವರೆಗೆ ಮುಂಗಾಲು ಎತ್ತರದಲ್ಲಿರುವಂತೆ ಹಸುವನ್ನು ನಿಲ್ಲಿಸುತ್ತೇವೆ. ಅವರು ಹೇಳದೆ ಬಾಯಿಗೆ ಏನನ್ನೂ ಹಾಕುವುದಿಲ್ಲ.