ಕಾರ್ಲ್‌ಟನ್ ಚಾಪ್‌ಮನ್

ಕಾರ್ಲ್‌ಟನ್ ಚಾಪ್‌ಮನ್ (1971–2020): ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ, ತರಬೇತುದಾರ. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಜನನ. ಎದುರಾಳಿಯಿಂದ ಚೆಂಡು ಕಸಿದು ಮುಂಚೂಣಿಯವರಿಗೆ ಒದಗಿಸುವ ಮಿಡ್‌ಫೀಲ್ಡರ್ ಆಗಿ ಹೆಸರು ಪಡೆದರು.

ಹಿನ್ನೆಲೆ

ಬೆಂಗಳೂರಿನ ಫುಟ್‌ಬಾಲಿಗೆ ಹಳೆಯ ಪರಂಪರೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್, ಬೆಂಗಳೂರು ಸೇರಿದ್ದ ಮೈಸೂರು ರಾಜ್ಯದ ಆಟಗಾರ. ಅದಕ್ಕೂ ಮೊದಲು, 1946–47ರಲ್ಲೇ, ಮೈಸೂರು ತಂಡ ಅಂತರರಾಜ್ಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಇಂಥ ಪರಂಪರೆಯ ನಗರದಲ್ಲಿ ಹುಟ್ಟಿದ ಚಾಪ್‌ಮನ್ 1980ರ ದಶಕದಲ್ಲಿ ಅಲ್ಲಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪಳಗಿ, 1990ರಲ್ಲಿ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು.

ಕ್ಲಬ್ ಆಟ

1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿತು. ಗೋಲು ಹೊಡೆಯುವುದು ತಮ್ಮ ಮುಖ್ಯ ಕೆಲಸವಲ್ಲದಿದ್ದರೂ ಚಾಪ್‌ಮನ್ ಅಂದು ಹ್ಯಾಟ್ರಿಕ್ ಸಾಧಿಸಿದರು.

1995ರಲ್ಲಿ ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ಸ್ ತಂಡಕ್ಕೆ ಹೋದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂಚೂಣಿಯಲ್ಲಿದ್ದರೆ ಹಿಂದಿನಿಂದ ಚೆಂಡು ಒದಗಿಸುವ ಹೊಣೆ ಚಾಪ್‌ಮನ್ನರದು. ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ (1996–97) ಈ ತಂಡದ ಪಾಲಾಯಿತು. 1997ರಲ್ಲಿ ಕೇರಳದ ಹೊಸ ಕ್ಲಬ್ ಎಫ್‌ಸಿ ಕೊಚ್ಚಿನ್ ಸೇರಿ, ಮರುವರ್ಷ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000–01ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಅದರೊಂದಿಗೆ ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.

ರಾಷ್ಟ್ರೀಯ ತಂಡ

1990ರ ದಶಕದ ಉದ್ದಕ್ಕೂ ಭಾರತ ತಂಡದಲ್ಲಿ ಆಡಿದರು. 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಾಗ ಭಾರತದ ನಾಯಕರಾಗಿದ್ದರು.

ತರಬೇತುದಾರ

ಬೂಟು ಕಳಚಿದ ಮೇಲೆ, ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಮರಳಿದರು. ಅವರ ಈ ಎರಡನೆಯ ಬದುಕು ದೊಡ್ಡ ಕ್ಲಬ್‌ಗಳ ಸುತ್ತ ಬೆಳೆಯಲಿಲ್ಲ. ಅಕಾಡೆಮಿ, ಪ್ರಾದೇಶಿಕ ಲೀಗ್ ಹಾಗೂ ಎರಡನೇ ಡಿವಿಷನ್ ತಂಡಗಳಲ್ಲೇ ಸಾಗಿತು. 2008ರಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡವನ್ನು ತಿದ್ದಿ, ಶಿಲ್ಲಾಂಗ್ ಪ್ರೀಮಿಯರ್ ಲೀಗ್ ಪ್ರಶಸ್ತಿಗಳನ್ನು ಗೆಲ್ಲಿಸಿದರು. ಮುಂದೆ ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ತಂಡಗಳಿಗೆ ತರಬೇತಿ ನೀಡಿದರು. 2017ರಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿಯ ತಾಂತ್ರಿಕ ನಿರ್ದೇಶಕರಾದರು. ಈ ನಡುವೆ, ಅವರು ಬಿಟ್ಟುಬಂದಿದ್ದ ವಾಹಿಂಗ್‌ಡೋ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ಏರಿ, ಮೊದಲ ಋತುವಿನಲ್ಲೇ (2014–15) ಮೂರನೇ ಸ್ಥಾನ ಪಡೆಯಿತು.

ನಿಧನ

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 49 ವರ್ಷ.